ಫೋರ್ಕ್‌ಲಿಫ್ಟ್ ಏರುವ ಮುನ್ನ ಏತದ ಲೆಕ್ಕ ತಿಳಿದಿರಲಿ

ನೆಲಮಂಗಲ, ಹೊಸಕೋಟೆಗಳ ದೊಡ್ಡ ಗೋದಾಮುಗಳಿಂದ ಪೀಣ್ಯದ ಸಣ್ಣ ಕಾರ್ಖಾನೆಗಳವರೆಗೆ, ಲಾರಿಯನ್ನೋ ಟ್ರ್ಯಾಕ್ಟರನ್ನೋ ಓಡಿಸಿ ಕೈ ಪಳಗಿದವರು ಎರಡು ದಿನ ಪಕ್ಕದಲ್ಲಿ ನಿಂತು ನೋಡಿ ಮೂರನೆಯ ದಿನ ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಏರಿಬಿಡುವುದುಂಟು. ಸ್ಟಿಯರಿಂಗ್, ಬ್ರೇಕ್, ಆಕ್ಸಿಲರೇಟರ್ ಎಲ್ಲವೂ ಪರಿಚಿತವಾಗಿರುವುದರಿಂದ ಇದೂ ಒಂದು ವಾಹನವೆಂಬ ಭಾವನೆ ಬರುತ್ತದೆ. ಆದರೆ ಅದರ ಒಳಗುಟ್ಟು ನಮ್ಮ ಹಳೆಯ ಏತದ್ದು. ಬಾವಿಯ ದಡದಲ್ಲಿ ನೆಟ್ಟ ಕಂಬದ ಮೇಲೆ ಅಡ್ಡಮರ. ಅದರ ಒಂದು ತುದಿಗೆ ನೀರು, ಇನ್ನೊಂದು ತುದಿಗೆ ಕಲ್ಲಿನ ಭಾರ. ಫೋರ್ಕ್‌ಲಿಫ್ಟಿನಲ್ಲಿ ಮುಂದಿನ ಚಕ್ರಗಳ ಅಚ್ಚೇ ಆ ಕಂಬ. ಫೋರ್ಕಿನ, ಅಂದರೆ ಮುಂದಕ್ಕೆ ಚಾಚಿದ ಉಕ್ಕಿನ ಕೈಗಳ ಮೇಲಿನ ಸರಕು ನೀರಿನ ಜಾಗದಲ್ಲಿದ್ದರೆ, ಹಿಂಭಾಗದ ಎರಕದ ಕಬ್ಬಿಣ ಕಲ್ಲಿನ ಜಾಗದಲ್ಲಿದೆ. ಎರಡೂವರೆ ಟನ್ ಎತ್ತುವ ಯಂತ್ರವು ತಾನೇ ಮೂರೂವರೆಯಿಂದ ನಾಲ್ಕು ಟನ್ ತೂಗುವುದು ಈ ಕಾರಣಕ್ಕೆ. ಮುಂದೆ ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಈ ಒಂದು ಲೆಕ್ಕದಿಂದಲೇ ಹುಟ್ಟಿದವು.

ಕೀಲಿ ತಿರುಗಿಸುವ ಮುನ್ನ

ಶಿಫ್ಟ್ ಆರಂಭವಾದೊಡನೆ ಯಂತ್ರವನ್ನು ಒಂದು ಸುತ್ತು ಬಂದು ನೋಡಬೇಕು. ಟೈರುಗಳು, ನೆಲದ ಮೇಲೆ ಎಣ್ಣೆ ಸೋರಿದ ಗುರುತು, ಮಾಸ್ಟಿನ (ಫೋರ್ಕು ಏರಿಳಿಯುವ ಮುಂದಿನ ನೆಟ್ಟಗಿನ ಚೌಕಟ್ಟಿನ) ಚೈನುಗಳು, ಹಾರ್ನ್, ದೀಪ, ಬ್ರೇಕ್ ಮತ್ತು ಸೀಟ್‌ಬೆಲ್ಟ್‌ಗಳನ್ನು ಪರೀಕ್ಷಿಸಲು ಐದು ನಿಮಿಷ ಸಾಕು. ಹೆಚ್ಚಿನವರು ಮರೆಯುವುದು ಫೋರ್ಕಿನ ಹಿಮ್ಮಡಿಯನ್ನು, ಅಂದರೆ ನೆಟ್ಟಗೆ ನಿಂತ ಭಾಗವು ಅಡ್ಡಕ್ಕೆ ಬಾಗುವ ಮೂಲೆಯನ್ನು. ನೆಲಕ್ಕೆ ಉಜ್ಜಿ ಉಜ್ಜಿ ಅಲ್ಲಿನ ದಪ್ಪ ಮೂಲ ಅಳತೆಗಿಂತ ಶೇಕಡ 10ರಷ್ಟು ಸವೆದಿದ್ದರೆ ಆ ಫೋರ್ಕನ್ನು ಬದಲಿಸಲೇಬೇಕು. ಕಣ್ಣಿಗೆ ಅಲ್ಪವೆನಿಸುವ ಈ ಸವೆತವು ಭಾರ ಹೊರುವ ಶಕ್ತಿಯನ್ನು ಸುಮಾರು ಐದನೇ ಒಂದು ಪಾಲಿನಷ್ಟು ತಗ್ಗಿಸುತ್ತದೆ.

ಆಮೇಲೆ ಚಾಲಕನ ಮುಂದಿರುವ ಸಾಮರ್ಥ್ಯದ ಫಲಕವನ್ನು ಓದಬೇಕು. "2500 ಕಿಲೋ, 500 ಮಿಲಿಮೀಟರ್" ಎಂದಿದ್ದರೆ, ಸರಕಿನ ಭಾರಕೇಂದ್ರವು ಫೋರ್ಕಿನ ನೆಟ್ಟಗಿನ ಮುಖದಿಂದ ಅರ್ಧ ಮೀಟರ್ ದೂರದೊಳಗಿದ್ದಾಗ ಮಾತ್ರ ಎರಡೂವರೆ ಟನ್ ಎತ್ತಬಹುದು ಎಂದರ್ಥ. 1600 ಮಿಲಿಮೀಟರ್ ಉದ್ದದ ಪೆಟ್ಟಿಗೆಯನ್ನು ಅದರ ಉದ್ದಕ್ಕೆ ಫೋರ್ಕ್ ತೂರಿಸಿ ಎತ್ತಿದರೆ ಭಾರಕೇಂದ್ರ 800 ಮಿಲಿಮೀಟರ್‌ಗೆ ಸರಿಯುತ್ತದೆ. ಮುಂದಿನ ಅಚ್ಚಿನಿಂದ ಫೋರ್ಕಿನ ಮುಖಕ್ಕೆ ಅರ್ಧ ಮೀಟರ್ ಎಂದು ಹಿಡಿದರೆ, 2500ನ್ನು 1000ದಿಂದ (500+500) ಗುಣಿಸಿ 1300ರಿಂದ (500+800) ಭಾಗಿಸಬೇಕು. ಸುಮಾರು 1900 ಕಿಲೋ ಎಂಬ ಉತ್ತರ ಬರುತ್ತದೆ. ತೂಕ ಅದೇ ಇದ್ದರೂ ಉದ್ದ ಹೆಚ್ಚಾದ ಮಾತ್ರಕ್ಕೆ ಆರುನೂರು ಕಿಲೋ ಕಡಿತವಾಯಿತು. ಇದು ಅಂದಾಜು ಲೆಕ್ಕವಷ್ಟೇ. ಎತ್ತರ ಹೆಚ್ಚಿದಂತೆ ಸಾಮರ್ಥ್ಯ ಇನ್ನೂ ಇಳಿಯುವುದರಿಂದ ಫಲಕದಲ್ಲಿರುವ ಅಂಕಿಯೇ ಅಂತಿಮ.

ಹೊರೆ ಮೀರಿದಾಗ ಹಿಂದಿನ ಚಕ್ರಗಳು ನೆಲ ಬಿಡುತ್ತವೆ. ಆಗ ಕೆಲವೆಡೆ ಇಬ್ಬರು ಹೆಲ್ಪರ್‌ಗಳನ್ನು ಕರೆದು ಹಿಂಭಾಗದ ಮೇಲೆ ನಿಲ್ಲಿಸುತ್ತಾರೆ. ಏತದ ಅಡ್ಡಮರದ ಮೇಲೆ ಜನ ಹತ್ತಿ ನಡೆದಾಡುತ್ತಿದ್ದರು, ನಿಜ. ಆದರೆ ಏತವು ಗೋದಾಮಿನಲ್ಲಿ ತಿರುವು ತೆಗೆದುಕೊಳ್ಳುತ್ತಿರಲಿಲ್ಲ. ಈ ಯಂತ್ರವನ್ನು ತಿರುಗಿಸುವುದು ಹಿಂದಿನ ಚಕ್ರಗಳು. ಅವು ನೆಲ ಬಿಟ್ಟರೆ ಸ್ಟಿಯರಿಂಗ್ ಕೆಲಸಕ್ಕೆ ಬಾರದು, ಮೇಲೆ ನಿಂತವರಿಗೆ ಹಿಡಿದುಕೊಳ್ಳಲು ಏನೂ ಇರದು. ಸರಕನ್ನು ಎರಡು ಪಾಲು ಮಾಡಿ ಸಾಗಿಸುವುದೊಂದೇ ಸರಿಯಾದ ದಾರಿ.

ಎತ್ತುವುದು, ಸಾಗಿಸುವುದು

ಎರಡೂ ಫೋರ್ಕ್‌ಗಳನ್ನು ಪ್ಯಾಲೆಟ್ಟಿಗೆ (ಸರಕು ಪೇರಿಸಿಡುವ ಅಡಿಹಲಗೆಗೆ) ಹೊಂದುವಷ್ಟು ಅಗಲಿಸಿ, ನಡುಭಾಗದಿಂದ ಸಮಾನ ದೂರದಲ್ಲಿಟ್ಟು, ಸರಕಿನ ಉದ್ದದ ಮೂರನೇ ಎರಡು ಪಾಲಿಗೆ ಕಡಿಮೆಯಾಗದಂತೆ ಒಳಗೆ ತೂರಿಸಬೇಕು. ಹಿಂಬದಿಯ ಆಧಾರಕ್ಕೆ ಸರಕು ತಾಗಿದ ಮೇಲೆ ಸ್ವಲ್ಪ ಎತ್ತಿ, ಮಾಸ್ಟನ್ನು ಹಿಂದಕ್ಕೆ ವಾಲಿಸಿ, ನೆಲದಿಂದ 10ರಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಸಾಗಬೇಕು. ಸರಕು ಮೇಲೇರಿದಷ್ಟೂ ಯಂತ್ರದ ಭಾರಕೇಂದ್ರವೂ ಮೇಲೇರಿ, ಸಣ್ಣ ತಿರುವಿಗೇ ಮಗ್ಗುಲಿಗೆ ಉರುಳುವ ಸಂಭವ ಹೆಚ್ಚುತ್ತದೆ. ಖಾಲಿ ಯಂತ್ರವು ಕ್ಷೇಮವೆಂದು ಭಾವಿಸಿ ವೇಗವಾಗಿ ತಿರುಗಿಸುವುದೂ ತಪ್ಪು: ಆಗ ಭಾರವೆಲ್ಲ ಹಿಂದೆ ಕೂತಿರುವುದರಿಂದ ಅದು ಮಗ್ಗುಲಾಗುವುದು ಇನ್ನೂ ಸುಲಭ.

ತಿರುವಿನಲ್ಲಿ ಹಿಂಭಾಗವು ಹೊರಕ್ಕೆ ಬೀಸಿಕೊಂಡು ಹೋಗುತ್ತದೆ. ಕಾರಿನ ಅಭ್ಯಾಸವಿರುವ ಕಣ್ಣು ಮುಂದೆ ನೋಡುತ್ತಿರುವಾಗ, ಪಕ್ಕದಲ್ಲಿ ಚೀಟಿ ಅಂಟಿಸುತ್ತ ನಿಂತವರ ಕಾಲಿಗೆ ಪೆಟ್ಟು ಬೀಳುವುದು ಹೀಗೆ. ಸರಕು ದೃಷ್ಟಿಗೆ ಅಡ್ಡವಾದರೆ ಹಿಮ್ಮುಖವಾಗಿ ನಡೆಸಬೇಕು. ಅಡ್ಡದಾರಿಗಳಲ್ಲಿ ನಿಧಾನಿಸಿ ಹಾರ್ನ್ ಮಾಡಬೇಕು. ಎತ್ತಿದ ಫೋರ್ಕಿನ ಕೆಳಗೆ ಯಾರೂ ಹಾಯಬಾರದು. ಟ್ಯೂಬ್‌ಲೈಟ್ ಬದಲಿಸಲೆಂದು ಬರಿ ಪ್ಯಾಲೆಟ್ಟಿನ ಮೇಲೆ ಮನುಷ್ಯನನ್ನು ಎತ್ತುವುದಂತೂ ಕೂಡದು.

ಇಳಿಜಾರಿನಲ್ಲಿ ಭಾರವಾದ ತುದಿ ಏರಿನ ಕಡೆಗಿರಬೇಕು. ಸರಕಿದ್ದಾಗ ಮುಮ್ಮುಖವಾಗಿ ಏರಿ, ಹಿಮ್ಮುಖವಾಗಿ ಇಳಿಯಬೇಕು. ಖಾಲಿಯಿದ್ದಾಗ ಇದಕ್ಕೆ ತಿರುಗುಮುರುಗು. ಏರುವಾಗ ಸರಕು ಕಣ್ಣಿಗೆ ಅಡ್ಡ ಬಂದರೆ ದೂರದಲ್ಲಿ ಒಬ್ಬರು ನಿಂತು ಸನ್ನೆ ಮಾಡಲಿ. ಇಳಿಜಾರಿನ ನಡುವೆ ತಿರುಗಿಸಬಾರದು.

ಲಾರಿಯೊಳಗೆ ಹೋಗುವಾಗ ಇನ್ನೊಂದು ಎಚ್ಚರಿಕೆ ಬೇಕು. ಲೋಡ್ ಮುಗಿಯಿತೆಂದು ಭಾವಿಸಿ ಲಾರಿ ಚಾಲಕರು ಗಾಡಿ ಮುಂದಕ್ಕೆ ತೆಗೆದರೆ, ಹೊರಬರುತ್ತಿರುವ ಫೋರ್ಕ್‌ಲಿಫ್ಟ್ ಡಾಕ್‌ಗೂ (ಸರಕು ತುಂಬಿಸುವ ಗೋದಾಮಿನ ಕಟ್ಟೆಗೂ) ಲಾರಿಗೂ ನಡುವಿನ ಸಂದಿಗೆ ಬೀಳುತ್ತದೆ. ಹ್ಯಾಂಡ್‌ಬ್ರೇಕನ್ನೊಂದೇ ನಂಬದೆ ಚಕ್ರಗಳಿಗೆ ತಡೆಗಟ್ಟೆ ಇಟ್ಟು, ಲಾರಿಯ ಕೀಲಿಯನ್ನು ಡಾಕ್ ಸೂಪರ್‌ವೈಸರ್ ಕೈಗೆ ಕೊಡಿಸುವ ಪದ್ಧತಿ ಖರ್ಚಿಲ್ಲದ್ದು. ಚಾಲಕರು ಚಹಾ ಕುಡಿದು ಬಂದರೂ ಕೀಲಿ ಕೇಳದೆ ಹೊರಡಲಾಗದು.

ಯಂತ್ರ ಮಗುಚತೊಡಗಿದರೆ

ಇಲ್ಲಿ ಸಹಜ ಪ್ರವೃತ್ತಿಯೇ ಶತ್ರು. ವಾಲುತ್ತಿರುವ ಯಂತ್ರದಿಂದ ಜಿಗಿಯಬೇಕೆನಿಸುತ್ತದೆ. ಜಿಗಿದವರ ಮೇಲೆ ತಲೆಯ ಮೇಲಿನ ರಕ್ಷಣಾ ಚೌಕಟ್ಟೇ ಬಂದು ಅಪ್ಪಳಿಸುತ್ತದೆ. ಕೂತು ನಡೆಸುವ ಯಂತ್ರದಲ್ಲಿ ಬೆಲ್ಟ್ ಬಿಗಿದಿರಬೇಕು. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು, ಕಾಲುಗಳನ್ನು ಊರಿ, ಮಗುಚುತ್ತಿರುವ ದಿಕ್ಕಿಗೆ ವಿರುದ್ಧವಾಗಿ ದೇಹವನ್ನು ವಾಲಿಸಬೇಕು. ಹಿಂಬದಿ ತೆರೆದಿರುವ, ನಿಂತು ನಡೆಸುವ ಯಂತ್ರದ ನಿಯಮ ಬೇರೆ: ಅಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬರಬೇಕು. ತಾವು ನಡೆಸುವುದು ಯಾವ ಬಗೆಯದೆಂದು ತಿಳಿದು, ನಿಂತ ಯಂತ್ರದಲ್ಲೇ ಇದನ್ನು ನಾಲ್ಕಾರು ಬಾರಿ ಅಭ್ಯಾಸ ಮಾಡಿರಬೇಕು. ಆ ಒಂದು ಕ್ಷಣದಲ್ಲಿ ಯೋಚಿಸಲು ಸಮಯವಿರುವುದಿಲ್ಲ.

ನಿಲ್ಲಿಸುವಾಗ

ಫೋರ್ಕ್‌ಗಳನ್ನು ಪೂರ್ತಿ ನೆಲಕ್ಕಿಳಿಸಿ, ತುದಿ ನೆಲಕ್ಕೆ ತಾಗುವಂತೆ ತುಸು ಮುಂದಕ್ಕೆ ವಾಲಿಸಿ, ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದು, ಕೀಲಿ ತೆಗೆಯಬೇಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಗಾಳಿಯಲ್ಲಿ ಅದು ಶೇಕಡ 4ರಷ್ಟಾದರೆ ಕಿಡಿಯೊಂದಕ್ಕೇ ಸ್ಫೋಟಿಸಬಲ್ಲದು. ಆದ್ದರಿಂದ ಚಾರ್ಜಿಂಗ್ ಜಾಗದಲ್ಲಿ ಗಾಳಿ ಆಡಬೇಕು, ಬೀಡಿ ಸಿಗರೇಟು ಸುಳಿಯಬಾರದು. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಿಸಬೇಕು. ಡೀಸೆಲ್ ಯಂತ್ರವನ್ನು ಮುಚ್ಚಿದ ಗೋದಾಮಿನೊಳಗೆ ಸುಮ್ಮನೆ ಓಡುತ್ತಿರಲು ಬಿಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಬ್ರೇಕ್ ಸಡಿಲ, ಚೈನು ಒಂದು ಕಡೆ ಜೋಲು ಎಂಬಂಥ ದೋಷಗಳು ಕಂಡಿದ್ದರೆ ಅವನ್ನು ಪುಸ್ತಕದಲ್ಲಿ ಬರೆದು, ಕೀಲಿಯನ್ನು ಯಂತ್ರದಲ್ಲೇ ಬಿಡದೆ ಸೂಪರ್‌ವೈಸರ್‌ಗೆ ಒಪ್ಪಿಸಿ, ಮುಂದಿನ ಶಿಫ್ಟಿನವರಿಗೆ ಬಾಯಿಮಾತಿನಲ್ಲೂ ತಿಳಿಸಿ ಹೋಗಬೇಕು.