ಅರವತ್ತರ ಮೇಲೆ ಬೆಟ್ಟವೇ? ಮೊದಲು ಇಳಿಯುವುದು ಕಲಿಯಿರಿ

ರಿಟೈರ್ ಆದ ಹೊಸತು. ಹುರುಪಿನಲ್ಲಿ ನಂದಿಬೆಟ್ಟದ ಮೆಟ್ಟಿಲು ಹತ್ತಿ, ಅದೇ ಹುರುಪಿನಲ್ಲಿ ದಡದಡ ಇಳಿದೂ ಬಂದೆ. ಎರಡು ದಿನ ಬಿಟ್ಟು ಮನೆ ಮಹಡಿಯಿಂದ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಬೇಕಾಯಿತು. ಮನೆಯವಳು ಕಾಫಿ ಲೋಟ ಹಿಡಿದು ನಿಂತು ನಗುತ್ತಿದ್ದಳು.

ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ತೊಡೆಗೆ. ತೊಡೆಯ ಮುಂದಿನ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಮೈಭಾರವನ್ನೂ ತಡೆಯಬೇಕು, ಬ್ರೇಕ್ ಹಿಡಿದ ಹಾಗೆ. ಅಭ್ಯಾಸವಿಲ್ಲದಿದ್ದರೆ ಅಲ್ಲಿಗೇ ನೋವು.

ಹಾಗಾಗಿ ಮನೆಯಲ್ಲೇ ಶುರು ಮಾಡಿ. ಕೈ ಊರದೆ ಕುರ್ಚಿಯಿಂದ ಏಳಿ, ನಿಧಾನವಾಗಿ ಕೂರಿ. ಹತ್ತು ಸಲ. ಧೊಪ್ಪನೆ ಕೂತರೆ ಲೆಕ್ಕಕ್ಕಿಲ್ಲ, ಆ ನಿಧಾನವೇ ಇಳಿಯುವ ಪಾಠ. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದನ್ನೂ ಸೇರಿಸಿಕೊಳ್ಳಿ. 65 ದಾಟಿದವರು ವಾರಕ್ಕೆ 150 ನಿಮಿಷ ನಡೆಯುವುದರ ಜೊತೆಗೆ 3 ದಿನ ಸಮತೋಲನ, ಬಲದ ವ್ಯಾಯಾಮವನ್ನೂ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹೃದಯದ ತೊಂದರೆ, ಬಿಪಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಜೇಬಲ್ಲಿ ಗ್ಲೂಕೋಸ್ ಇರಲಿ.

ಎರಡು ವಾರ ಕಳೆದ ಮೇಲೆ ಲಾಲ್‌ಬಾಗ್ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ನಮ್ಮ ಮಂಡಿ ಅದರ ಮುಂದೆ ಇನ್ನೂ ಕೂಸು ಅಲ್ವಾ? ಕೆಂಪೇಗೌಡರ ಗೋಪುರದ ಕಡೆಗೆ ನೇರ ನುಗ್ಗದೆ ಓರೆಯಾಗಿ ಹತ್ತಿ. ಪಕ್ಕದವರ ಜೊತೆ ಮಾತಾಡುವಷ್ಟು ಉಸಿರಿರಬೇಕು, ಹಾಡುವಷ್ಟು ಇರಬಾರದು, ಅದೇ ಸರಿಯಾದ ವೇಗ. ಎದೆ ಹಿಡಿದುಕೊಂಡ ಹಾಗೆ ಆದರೆ ನಿಂತುಬಿಡಿ, ಸುಮ್ನೆ ಧೈರ್ಯ ತೋರಿಸಬೇಡಿ. ಮಳೆ ಬಂದ ದಿನ ಬಂಡೆ ಜಾರುತ್ತದೆ, ಅವತ್ತು ಕೆಳಗಿನ ದಾರಿಯೇ ಸಾಕು.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಒಂದು ಮಂಡಿ ನೋಯುತ್ತಿದ್ದರೆ ಕೋಲು ಅದೇ ಕಡೆಯ ಕೈಗಲ್ಲ, ಇನ್ನೊಂದು ಕೈಗೆ. ಇದನ್ನು ಜಾಸ್ತಿ ಜನ ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ. ಮೆಟ್ಟಿಲು ಇಳಿಯುವುದಾದರೆ ಮೊದಲು ಕೋಲು, ಅದರ ಜೊತೆ ನೋಯುವ ಕಾಲು, ಆಮೇಲೆ ಗಟ್ಟಿ ಕಾಲು.

ಇಷ್ಟೆಲ್ಲ ರೂಢಿಯಾಗಿ ಎರಡು ಮೂರು ತಿಂಗಳಾದ ಮೇಲೆ ಬೇಕಿದ್ದರೆ ನಂದಿ. ಮೊದಲ ಸಲ ಹತ್ತುವುದಷ್ಟೇ ಮಾಡಿ, ಇಳಿಯಲು ಬಸ್ಸೋ ಕಾರೋ ನೋಡಿಕೊಳ್ಳಿ. ಬಸ್ಸಾದರೆ ವಾಪಸ್ ಹೊರಡುವ ಟೈಮನ್ನು ಹೋಗುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.