ಲೋಡ್ ಏನು, ಎಲ್ಲಿಗೆ, ವಾಪಸ್ ಯಾವಾಗ?

ಕೋಲಾರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಟೊಮೆಟೊ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದರೂ ಮನೆ ಸೇರುವುದಿಲ್ಲ. ಉಳಿದ ತಿಂಗಳು ಸಂಜೆ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಎರಡು ವರ್ಷದಿಂದ ಒಂದೇ ಕೆಲಸ ಹಿಡಿದಿದ್ದೇನೆ. ಸಿನಿಮಾ, ಸೀರಿಯಲ್‌ಗಳಲ್ಲಿ ಬರುವ ಬಾಹ್ಯಾಕಾಶ ಹಡಗುಗಳನ್ನು ಗಾತ್ರ ನೋಡಿ, ಕೆಲಸ ನೋಡಿ ವಿಂಗಡಿಸುವುದು. ವಿಂಗಡಿಸಿ ಕನ್ನಡದಲ್ಲಿ ಟ್ರಂಪ್ ಕಾರ್ಡ್ ಮಾಡುವುದು, ಅಂದರೆ ಯಾರ ಕಾರ್ಡಿನ ಅಂಕಿ ದೊಡ್ಡದೋ ಅವರು ಗೆಲ್ಲುವ ಆಟದ ಕಾರ್ಡ್.

ಶುರುವಾಗಿದ್ದು ಅಕ್ಕನ ಮಗಳಿಂದ. ಬೇಸಿಗೆ ರಜಕ್ಕೆ ಬಂದಿದ್ದಳು, ಆಗ ಅವಳಿಗೆ ಹತ್ತು ವರ್ಷ. ಅವಳಿಗಾಗಿ ಇಪ್ಪತ್ತು ಹಡಗಿನ ಕಾರ್ಡ್ ಮಾಡಿಕೊಟ್ಟೆ. ಪ್ರತಿ ಕಾರ್ಡಿನಲ್ಲೂ ಹೆಸರು, ಚಿತ್ರ, ಉದ್ದ, ಜನ ಎಷ್ಟು ಅನ್ನುವುದು ಇತ್ತು. ಎರಡು ದಿನ ಆಡಿದಳು. ಮೂರನೇ ದಿನ ಕಾರ್ಡೆಲ್ಲ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೆ ಕೊಟ್ಟಳು. "ಮಾಮ, ಆ ಉದ್ದದ್ದು ಯಾರಿಗೆ ಬಂತೋ ಅವರೇ ಗೆಲ್ತಾರೆ. ಇದರಲ್ಲಿ ಆಟ ಎಲ್ಲಿದೆ?" ಅಂದಳು.

ಅವಳು ಹೇಳಿದ್ದು ನಿಜ. ಆ ಉದ್ದದ್ದು ಸ್ಟಾರ್ ವಾರ್ಸ್‌ನ ಎಕ್ಸಿಕ್ಯೂಟರ್, 19 ಕಿಲೋಮೀಟರ್. ಅದರ ಮುಂದೆ ಬೇರೆ ಯಾವ ಹಡಗಿಗೂ ಬೆಲೆಯೇ ಇರಲಿಲ್ಲ. ಆಗ ನನಗೆ ಇನ್ನೊಂದು ವಿಷಯವೂ ಕಂಡಿತು. ನಾನು ಹಡಗುಗಳನ್ನು ಅಳೆದಿದ್ದೆ ಅಷ್ಟೇ, ವಿಂಗಡಿಸಿರಲಿಲ್ಲ. ಎರಡೂ ಬೇರೆ ಬೇರೆ ಕೆಲಸ, ಅಲ್ವಾ?

ಮೊದಲು ಗಾತ್ರವನ್ನೇ ಸರಿಯಾಗಿ ತಿಳಿದುಕೊಳ್ಳೋಣ ಅಂತ ತಾರಸಿಗೆ ಹೋದೆವು. ಒಂದು ಕಿಲೋಮೀಟರಿಗೆ ಒಂದು ಮೀಟರ್ ಅಂತ ಇಟ್ಟುಕೊಂಡು ರಂಗೋಲಿ ಪುಡಿಯಲ್ಲಿ ಬರೆದೆವು. ಎಕ್ಸ್-ವಿಂಗ್ ಅನ್ನುವ ಒಬ್ಬರೇ ಕೂರುವ ಯುದ್ಧ ವಿಮಾನ ಹುಣಸೆ ಬೀಜದಷ್ಟಾಯಿತು. ನಿಜವಾಗಿಯೂ ಮೇಲೆ ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 109 ಮೀಟರ್ ಅಗಲ, ಅಂದರೆ 11 ಸೆಂಟಿಮೀಟರ್. ಅದನ್ನು ಬರೆದಿದ್ದು ಹೋಲಿಕೆಗೆ. ನಮ್ಮ ಐಎನ್‌ಎಸ್ ವಿಕ್ರಾಂತ್ 262 ಮೀಟರ್. ಸ್ಟಾರ್ ಟ್ರೆಕ್‌ನ ಮೊದಲ ಎಂಟರ್‌ಪ್ರೈಸ್ 289 ಮೀಟರ್. ಎರಡೂ ಶಾಲೆಯ ಸ್ಕೇಲಿಗಿಂತ ಒಂದು ಚೂರು ಕಡಿಮೆ, ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ. ಎಂಟರ್‌ಪ್ರೈಸ್ ಎಷ್ಟೋ ದೊಡ್ಡದು ಅಂತ ನಾನು ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಕೊಚ್ಚಿಯಲ್ಲಿ ಕಟ್ಟಿದ ಹಡಗು ಹೆಚ್ಚುಕಡಿಮೆ ಅಷ್ಟೇ ಉದ್ದ ಅಂತ ಆ ದಿನ ತಾರಸಿಯ ಮೇಲೆ ಗೊತ್ತಾಯಿತು.

ಸ್ಟಾರ್ ವಾರ್ಸ್‌ನದೇ ಇನ್ನೊಂದು ಹಡಗು ಇಂಪೀರಿಯಲ್ ಸ್ಟಾರ್ ಡೆಸ್ಟ್ರಾಯರ್ 1,600 ಮೀಟರ್. ರಂಗೋಲಿಯಲ್ಲಿ ನನ್ನ ಎತ್ತರದಷ್ಟು ಬಂತು. ಎಕ್ಸಿಕ್ಯೂಟರ್‌ಗೆ 19 ಮೀಟರ್ ಬೇಕು, ನಮ್ಮ ತಾರಸಿ ಒಂಬತ್ತು ಮೀಟರ್ ಇಲ್ಲ. ಮೂತಿಯ ಭಾಗ ಮಾತ್ರ ಬರೆದು ಬಿಟ್ಟೆವು. ಮಗುವಿಗೆ ಅರ್ಥವಾಗಲಿ ಅಂತ ನಾನು ಹೇಳಿದ್ದು ಇಷ್ಟು: ಇದರ ಬಾಲ ಕೋಲಾರದಲ್ಲಿದ್ದರೆ ಮೂತಿ ಬಂಗಾರಪೇಟೆಯನ್ನೂ ದಾಟಿರುತ್ತದೆ.

ಅಲ್ಲಿಂದಲೇ ಗಾತ್ರಕ್ಕೆ ನಮ್ಮ ಊರಿನ ಹೆಸರುಗಳು ಸಿಕ್ಕವು. 30 ಮೀಟರ್ ಒಳಗಿದ್ದರೆ ಲಾರಿ ಗಾತ್ರ. ಅಲ್ಲಿಂದ 300 ಮೀಟರ್ ತನಕ ವಿಕ್ರಾಂತ್ ಗಾತ್ರ. ಒಂದು ಕಿಲೋಮೀಟರ್ ತನಕ ರೈಲು ಗಾತ್ರ, ಯಾಕೆಂದರೆ 24 ಬೋಗಿಯ ರೈಲು ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಒಂದರಿಂದ ನಾಲ್ಕು ಕಿಲೋಮೀಟರ್ ಇದ್ದರೆ ಗಣಿ ಗಾತ್ರ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. 2001ರಲ್ಲಿ ಮುಚ್ಚಿತು, ಆದರೆ ನಮ್ಮ ಜಿಲ್ಲೆಯವರಿಗೆ ಆಳ ಅಂದರೆ ಇವತ್ತಿಗೂ ಅದೇ. ಎರಡು ಸ್ಟಾರ್ ಡೆಸ್ಟ್ರಾಯರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಎಷ್ಟೋ, ಅಷ್ಟು ಆಳ. ಅದಕ್ಕಿಂತ ದೊಡ್ಡದೆಲ್ಲ ತಾಲ್ಲೂಕು ಗಾತ್ರ.

ಉದ್ದದಲ್ಲಿ ಒಂದು ಮೋಸ ಇದೆ. ಅದು ಅರ್ಥವಾಗಿದ್ದು ಮಂಡಿಯಲ್ಲಿ, ಟೊಮೆಟೊ ಕ್ರೇಟ್ ಜೋಡಿಸುವಾಗ. ಒಂದು ಕ್ರೇಟನ್ನು ಉದ್ದ, ಅಗಲ, ಎತ್ತರ ಮೂರೂ ಕಡೆ ಎರಡರಷ್ಟು ಮಾಡಬೇಕಾದರೆ ಎಂಟು ಕ್ರೇಟ್ ಬೇಕು. ಹಡಗಿಗೂ ಅದೇ ಲೆಕ್ಕ. ಹಳೆಯ ಎಂಟರ್‌ಪ್ರೈಸ್ 289 ಮೀಟರ್, ಆಮೇಲೆ ಬಂದ ಎಂಟರ್‌ಪ್ರೈಸ್-ಡಿ 642 ಮೀಟರ್. ಉದ್ದ ಎರಡೂಕಾಲು ಪಟ್ಟಿನ ಹತ್ತಿರ. ಆಕಾರ ಒಂದೇ ಅಂತ ಇಟ್ಟುಕೊಂಡರೆ ಒಳಗಿನ ಜಾಗ ಸುಮಾರು ಹನ್ನೊಂದು ಪಟ್ಟು. ಆದರೆ ಜನ? ಹಳೆಯದರಲ್ಲಿ 430, ಹೊಸದರಲ್ಲಿ ಸುಮಾರು 1,000. ಜಾಗ ಹನ್ನೊಂದು ಪಟ್ಟಾದರೂ ಜನ ಎರಡೂವರೆ ಪಟ್ಟೂ ಆಗಲಿಲ್ಲ. ಉಳಿದ ಜಾಗ ಎಲ್ಲಿಗೆ ಹೋಯಿತು ಅಂತ ನೋಡಿದರೆ ಸಂಸಾರಗಳಿಗೆ ಮನೆ, ಮಕ್ಕಳಿಗೆ ಶಾಲೆ, ಲ್ಯಾಬುಗಳು. ಎರಡರ ಹೆಸರೂ ಒಂದೇ, ಆದರೆ ಕೆಲಸ ಒಂದೇ ಅಲ್ಲ. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಸರಿ, ಕೆಲಸದ ಪ್ರಕಾರ ವಿಂಗಡಿಸೋಣ ಅಂತ ಹೊರಟೆ. ಕಾರ್ವೆಟ್, ಫ್ರಿಗೇಟ್, ಡೆಸ್ಟ್ರಾಯರ್, ಕ್ರೂಸರ್, ಬ್ಯಾಟಲ್‌ಶಿಪ್, ಇವೆಲ್ಲ ಯುದ್ಧ ಹಡಗಿನ ಬಗೆಗಳು. ಕಥೆ ಬರೆಯುವವರೆಲ್ಲ ಈ ಹೆಸರುಗಳನ್ನು ಸಮುದ್ರದಿಂದ ತಂದವರು. ಹಾಗಾಗಿ ಸಮುದ್ರದ ಹಡಗುಗಳ ಬಗ್ಗೆ ಓದಿದೆ. ಓದುತ್ತಾ ಹೋದಷ್ಟೂ ಆ ಹೆಸರುಗಳೇ ನಿಂತಲ್ಲಿ ನಿಲ್ಲುವುದಿಲ್ಲ ಅಂತ ಗೊತ್ತಾಯಿತು.

ಡೆಸ್ಟ್ರಾಯರ್ ಹುಟ್ಟಿದ್ದು 1890ರ ದಶಕದಲ್ಲಿ. ಸಣ್ಣ ಟಾರ್ಪಿಡೊ ದೋಣಿಗಳು ದೊಡ್ಡ ಹಡಗುಗಳನ್ನು ಮುಳುಗಿಸುವ ಭಯ ಇತ್ತು. ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲು ಮಾಡಿದ ಚುರುಕು ಹಡಗು ಇದು. ಮೊದಲ ಹೆಸರೇ ಟಾರ್ಪಿಡೊ ಬೋಟ್ ಡೆಸ್ಟ್ರಾಯರ್. 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ದೇಶಗಳು ಕೂತು ಹಡಗುಗಳಿಗೆ ಮಿತಿ ಹಾಕಿದವು. ಬ್ಯಾಟಲ್‌ಶಿಪ್‌ಗೆ 35,000 ಟನ್, ಕ್ರೂಸರ್‌ಗೆ 10,000 ಟನ್ ಮತ್ತು 8 ಇಂಚಿನ ತೋಪು. 1930ರ ಲಂಡನ್ ಒಪ್ಪಂದದಲ್ಲಿ ಡೆಸ್ಟ್ರಾಯರ್‌ಗೆ 1,850 ಟನ್ ಅಂತ ಬರೆದರು. ಈಗ ನಮ್ಮ ಐಎನ್‌ಎಸ್ ವಿಶಾಖಪಟ್ಟಣಂ ಡೆಸ್ಟ್ರಾಯರ್, 7,400 ಟನ್. ಆ ಮಿತಿಯ ನಾಲ್ಕು ಪಟ್ಟು. ಐಎನ್‌ಎಸ್ ಶಿವಾಲಿಕ್ ಫ್ರಿಗೇಟ್, ಸುಮಾರು 6,200 ಟನ್. 1975ರಲ್ಲಿ ಅಮೆರಿಕದ ನೌಕಾಪಡೆ ತನ್ನ ಎಷ್ಟೋ ಫ್ರಿಗೇಟ್‌ಗಳನ್ನು ಒಂದೇ ದಿನ ಕ್ರೂಸರ್ ಅಂತ ಕರೆಯಿತು. ಹಡಗಿನಲ್ಲಿ ಒಂದು ಬೋಲ್ಟ್ ಕೂಡ ಬದಲಾಗಲಿಲ್ಲ, ಪುಸ್ತಕದಲ್ಲಿ ಹೆಸರು ಬದಲಾಯಿತು.

ಇನ್ನೊಂದು ತೊಂದರೆ. ಸಮುದ್ರದಲ್ಲಿ ಟನ್ ಅಂದರೆ ಹಡಗು ಪಕ್ಕಕ್ಕೆ ತಳ್ಳುವ ನೀರಿನ ತೂಕ. ಬಾಹ್ಯಾಕಾಶದಲ್ಲಿ ನೀರೆಲ್ಲಿದೆ? ಕಥೆಯ ಹಡಗುಗಳಿಗೆ ತೂಕ ಕೊಟ್ಟಿರುವುದೂ ಅಪರೂಪ. ಉದ್ದವಾದರೂ ಗಟ್ಟಿಯೇ ಅಂದರೆ ಅದೂ ಇಲ್ಲ. ಎಕ್ಸಿಕ್ಯೂಟರನ್ನು ಹಿಂದೆ 8 ಕಿಲೋಮೀಟರ್ ಅಂತಲೂ ಬರೆದಿದ್ದರು.

ಹೀಗೆ ತಲೆ ಕೆಟ್ಟು ಕೂತಿದ್ದಾಗ ಉತ್ತರ ನಮ್ಮ ಆಫೀಸಿನಲ್ಲೇ ಸಿಕ್ಕಿತು. ನಮ್ಮಲ್ಲಿ ಮೂವತ್ತು ವರ್ಷದಿಂದ ಲಾರಿ ಬುಕ್ ಮಾಡುವ ಹಿರಿಯರೊಬ್ಬರಿದ್ದಾರೆ. ಫೋನ್ ಎತ್ತಿದರೆ ಅವರು ಕೇಳುವುದು ಮೂರೇ ಪ್ರಶ್ನೆ. "ಲೋಡ್ ಏನು? ಎಲ್ಲಿಗೆ? ವಾಪಸ್ ಯಾವಾಗ?" ಎಷ್ಟು ಚಕ್ರದ ಗಾಡಿ ಅನ್ನುವುದನ್ನು ಅವರು ಕೇಳುವುದಿಲ್ಲ, ಹೇಳುತ್ತಾರೆ. ಮದನಪಲ್ಲಿಗೆ ಹೋಗಿ ಸಂಜೆಗೆ ಬರುವುದಾದರೆ ಕ್ಯಾಂಟರ್. ದೆಹಲಿಗಾದರೆ ದೊಡ್ಡ ಗಾಡಿ, ಇಬ್ಬರು ಡ್ರೈವರ್. ಮೂರು ಉತ್ತರ ಸಿಕ್ಕ ಮೇಲೆ ಗಾಡಿ ತಾನಾಗಿಯೇ ತೀರ್ಮಾನವಾಗುತ್ತದೆ. ಪ್ರತಿದಿನ ಪಕ್ಕದಲ್ಲೇ ಕೂತು ಕೇಳುತ್ತಿದ್ದ ಮಾತು ಅದು.

ಅವತ್ತು ರಾತ್ರಿಯೇ ಹೊಸ ಲಾಂಗ್ ಬುಕ್ಕಿನಲ್ಲಿ ಗೆರೆ ಎಳೆದೆ. ಪ್ರತಿ ಹಡಗಿಗೂ ಅದೇ ಮೂರು ಪ್ರಶ್ನೆ. ಏನು ಹೊರುತ್ತದೆ: ತೋಪೋ, ಸೈನಿಕರೋ, ಸಣ್ಣ ವಿಮಾನಗಳೋ, ಸಾಮಾನೋ? ಎಲ್ಲಿಗೆ ಹೋಗುತ್ತದೆ, ಒಂಟಿಯಾಗಿಯೋ ಗುಂಪಿನಲ್ಲೋ? ಎಷ್ಟು ದಿನ ಮನೆ ಮುಖ ನೋಡದೆ ಇರಬಲ್ಲದು?

ಉತ್ತರಗಳನ್ನು ನೋಡಿ ಹೆಸರಿಟ್ಟೆ. ಪೇಪರಿನವರು ಡೆಸ್ಟ್ರಾಯರ್‌ಗೆ ವಿಧ್ವಂಸಕ ನೌಕೆ ಅಂತ ಬರೆಯುತ್ತಾರೆ. ಹತ್ತು ವರ್ಷದ ಮಗುವಿನ ಬಾಯಲ್ಲಿ ಅದು ತಿರುಗುವುದಿಲ್ಲ. ಅದು ಮಾಡುವ ಕೆಲಸ ಬೇಟೆ, ಹಾಗಾಗಿ ಬೇಟೆ ಹಡಗು. ಫ್ರಿಗೇಟ್ ಎರಡನೇ ಮಹಾಯುದ್ಧದಲ್ಲಿ ಸರಕು ಹಡಗುಗಳ ಜೊತೆ ಹೋಗಿ ಜಲಾಂತರ್ಗಾಮಿಗಳಿಂದ ಕಾಯುತ್ತಿತ್ತು. ಅದು ಕಾವಲು ಹಡಗು. ಕಾರ್ವೆಟ್ ಗಸ್ತು ಹಡಗು. ಒಂಟಿಯಾಗಿ ದೂರ ಹೋಗಿ ತಿಂಗಳುಗಟ್ಟಲೆ ಇರುವ ಕ್ರೂಸರ್, ದೂರದ ಹಡಗು. ವಿಮಾನಗಳನ್ನು ಹೊತ್ತದ್ದು ತಾಯಿ ಹಡಗು, ಅದರೊಳಗಿನವು ಮರಿಗಳು. ಸಾಮಾನಿನದ್ದು ಹೊರೆ ಹಡಗು. ಬ್ಯಾಟಲ್‌ಶಿಪ್‌ಗೆ ಬಹಳ ದಿನ ಹುಡುಕಿದೆ. ಹಾಯಿ ಹಡಗುಗಳ ಕಾಲದಲ್ಲಿ ದೊಡ್ಡ ಯುದ್ಧ ಹಡಗುಗಳು ಸಾಲಾಗಿ ನಿಂತು ತೋಪು ಹಾರಿಸುತ್ತಿದ್ದವು. ಆ ಸಾಲಿನಲ್ಲಿ ನಿಲ್ಲಲು ತಾಕತ್ತಿದ್ದ ಹಡಗು ಅನ್ನುವುದರಿಂದಲೇ ಇಂಗ್ಲಿಷಿನ ಹೆಸರೂ ಬಂದಿದ್ದು. ಹಾಗಾಗಿ ಸಾಲು ಹಡಗು ಅಂದೆ. ಈ ಒಂದು ಹೆಸರು ನನಗೆ ತುಂಬಾ ಇಷ್ಟ.

ಸ್ಟಾರ್ ಡೆಸ್ಟ್ರಾಯರನ್ನು ಹೆಸರು ನೋಡಿ ಬೇಟೆ ಹಡಗಿನ ಪಟ್ಟಿಗೆ ಸೇರಿಸಿದ್ದೆ. ಅಕ್ಕನ ಮಗಳು ದಸರಾ ರಜಕ್ಕೆ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿದೆವು. ಲೋಡ್ ಏನು? ದೊಡ್ಡ ತೋಪುಗಳಿವೆ. ಟೈ ಫೈಟರ್ ಅನ್ನುವ 72 ಸಣ್ಣ ಯುದ್ಧ ವಿಮಾನಗಳಿವೆ. 9,700 ಸೈನಿಕರಿದ್ದಾರೆ. ಎಲ್ಲಿಗೆ? ಗ್ರಹದ ಮೇಲೆ ಹೋಗಿ ನಿಂತು ಅಲ್ಲಿಯವರನ್ನು ಹೆದರಿಸಲು. ಯಾರನ್ನೂ ಕಾಯುವುದಿಲ್ಲ, ಸಣ್ಣ ದೋಣಿ ಹುಡುಕುವುದೂ ಮುಖ್ಯ ಕೆಲಸ ಅಲ್ಲ. ಅದು ಸಾಲು ಹಡಗು, ತಾಯಿ ಹಡಗು, ಸೈನ್ಯ ಇಳಿಸುವ ಹಡಗು ಮೂರೂ ಹೌದು, ಬೇಟೆ ಹಡಗು ಮಾತ್ರ ಅಲ್ಲ. ಇಂಥವುಗಳಿಗೆ ಕಾರ್ಡಿನಲ್ಲಿ ಎರಡು ಮೂರು ಕೆಲಸ ಬರೆಯಲು ಜಾಗ ಬಿಟ್ಟೆ. ಒಂದೇ ಖಾನೆಗೆ ತುರುಕುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಇಷ್ಟಾದರೂ ಕೆಲವು ಹಡಗು ಎಲ್ಲಿಯೂ ಕೂರಲಿಲ್ಲ. ಸ್ಟಾರ್ ವಾರ್ಸ್‌ನ ಮಿಲೇನಿಯಮ್ ಫಾಲ್ಕನ್ ಸುಮಾರು 35 ಮೀಟರ್. ಕಟ್ಟಿದ್ದು ಸಾಮಾನು ಹೊರಲು. ಮಾಡಿದ್ದು ಕಳ್ಳಸಾಗಣೆ, ಆಮೇಲೆ ಯುದ್ಧ. ಸ್ಟಾರ್ ಟ್ರೆಕ್‌ನ ಡಿಫೈಯಂಟ್, ದಾಖಲೆಯಲ್ಲಿ ಬೆಂಗಾವಲು ಹಡಗು, ನಿಜದಲ್ಲಿ ಅಪ್ಪಟ ಯುದ್ಧ ಹಡಗು. ದಿ ಎಕ್ಸ್‌ಪ್ಯಾನ್ಸ್ ಸೀರಿಯಲ್ಲಿನ ರೊಸಿನಾಂಟೆಗೆ ಕಾರ್ವೆಟ್, ಫ್ರಿಗೇಟ್ ಎರಡು ಹೆಸರೂ ಒಟ್ಟಿಗೆ ಇವೆ. ಇದು ಕಥೆಯಲ್ಲಿ ಮಾತ್ರ ಆಗುವುದಲ್ಲ. ಜಪಾನಿನ ಇಝುಮೊ 248 ಮೀಟರ್ ಉದ್ದ, ನಮ್ಮ ವಿಕ್ರಾಂತ್‌ಗಿಂತ 14 ಮೀಟರ್ ಮಾತ್ರ ಕಡಿಮೆ. ಮೇಲೆ ಪೂರ್ತಿ ಚಪ್ಪಟೆ, ಹೆಲಿಕಾಪ್ಟರ್‌ಗಳು ನಿಲ್ಲುತ್ತವೆ. ಅದನ್ನು ಅವರು ಸೇರಿಸಿರುವುದು ಡೆಸ್ಟ್ರಾಯರ್ ಪಟ್ಟಿಗೆ. ಅದಕ್ಕೆ ಅವರ ಭಾಷೆಯಲ್ಲಿ ಬಳಸುವ ಪದದ ಅರ್ಥ ಬೆಂಗಾವಲು ಹಡಗು. ಯುದ್ಧ ಸೋತ ಮೇಲೆ ಬರೆದ ಸಂವಿಧಾನದ ಕಾರಣಕ್ಕೆ ಅವರು ಹೆಸರಿನಲ್ಲಿ ಬಹಳ ಎಚ್ಚರ.

ಇದಕ್ಕೂ ದಾರಿ ಲಾರಿಯಿಂದಲೇ ಸಿಕ್ಕಿತು. ಗಾಡಿಯ ಆರ್‌ಸಿ ಬುಕ್ಕಿನಲ್ಲಿ ಒಂದು ಬರೆದಿರುತ್ತದೆ. ಅದೇ ಗಾಡಿ ಮದುವೆ ದಿನ ಜನರನ್ನು ಹತ್ತಿಸಿಕೊಂಡು ಹೋಗುತ್ತದೆ. ಎರಡೂ ನಿಜ. ಹಾಗಾಗಿ ಕಾರ್ಡಿನಲ್ಲಿ ಎರಡು ಸಾಲು ಮಾಡಿದೆ. "ಆರ್‌ಸಿ ಬುಕ್" ಅಂತ ಒಂದು, "ಈಗಿನ ಕೆಲಸ" ಅಂತ ಇನ್ನೊಂದು. ಫಾಲ್ಕನ್‌ಗೆ ಮೊದಲ ಸಾಲಿನಲ್ಲಿ ಹೊರೆ ಹಡಗು, ಎರಡನೆಯದರಲ್ಲಿ ಗಸ್ತು ಮತ್ತು ಬೇಟೆ. ಎರಡೂ ಸಾಲು ಒಂದೇ ಇರುವ ಹಡಗುಗಳೇ ಜಾಸ್ತಿ. ಬೇರೆ ಬೇರೆ ಇದ್ದರೆ ಅಲ್ಲೊಂದು ಕಥೆ ಇದೆ ಅಂತಲೇ ಅರ್ಥ.

ಆಟದ ನಿಯಮವೂ ಬದಲಾಯಿತು. ಈಗ ಮೊದಲು ಒಂದು ಕೆಲಸದ ಚೀಟಿ ಎತ್ತಬೇಕು. "ನೂರು ಹೊರೆ ಹಡಗುಗಳನ್ನು ಕಾಯಬೇಕು", "ಐದು ವರ್ಷ ಒಂಟಿಯಾಗಿ ಹೋಗಿ ಬರಬೇಕು", "ಕಿರಿದಾದ ಕಲ್ಲುಗಳ ನಡುವೆ ನುಗ್ಗಬೇಕು". ಆ ಕೆಲಸಕ್ಕೆ ಯಾರ ಹಡಗು ಸರಿ ಹೊಂದುತ್ತದೋ ಅವರಿಗೆ ಕಾರ್ಡ್. ಗಾತ್ರ ನೋಡುವುದು ಸರಿಸಮ ಬಂದಾಗ ಮಾತ್ರ. ಮೊದಲ ಸಲ ಆಡಿದಾಗ ಎಕ್ಸಿಕ್ಯೂಟರ್ ನನ್ನ ಕೈಯಲ್ಲಿತ್ತು. ಏಳು ಚೀಟಿಯಲ್ಲಿ ಒಂದಕ್ಕೆ ಮಾತ್ರ ಅದು ಸರಿಹೊಂದಿತು. ಅವಳು ರೊಸಿನಾಂಟೆ ಇಟ್ಟುಕೊಂಡು ನಾಲ್ಕು ಗೆದ್ದಳು.

ಈಗ 48 ಕಾರ್ಡ್ ಆಗಿವೆ. ದಪ್ಪ ಕಾಗದದಲ್ಲಿ ಪ್ರಿಂಟ್ ಮಾಡಿಸಿ ಲ್ಯಾಮಿನೇಷನ್ ಮಾಡಿಸಿದ್ದೇನೆ. ನೀವೂ ಮಾಡುವುದಾದರೆ ಉದ್ದದ ಪಕ್ಕದಲ್ಲಿ ಆ ಅಂಕಿ ಎಲ್ಲಿ ಸಿಕ್ಕಿತು ಅಂತ ಬರೆದುಕೊಳ್ಳಿ, ಆಮೇಲೆ ಹುಡುಕುವುದು ಬಹಳ ಕಷ್ಟ. ಎಂಟರ್‌ಪ್ರೈಸ್-ಡಿ ಕಾರ್ಡನ್ನು ಮಾತ್ರ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ. ಆರ್‌ಸಿ ಬುಕ್ ಸಾಲಿನಲ್ಲಿ "ದೂರದ ಹಡಗು" ಅಂತ ಇದೆ. ಎರಡನೇ ಸಾಲಿನಲ್ಲಿ ಅಕ್ಕನ ಮಗಳು ಪೆನ್ಸಿಲಿನಲ್ಲಿ "ಊರು" ಅಂತ ಬರೆದಿದ್ದಾಳೆ. ಪಟ್ಟಿಯಲ್ಲಿ ಆ ಕೆಲಸ ಇಲ್ಲ. ಸೇರಿಸಬೇಕು ಅಂತಲೇ ನನಗೂ ಅನ್ನಿಸುತ್ತಿದೆ. ಸೇರಿಸಿದರೆ ಇನ್ನೂ ಯಾವ ಯಾವ ಹಡಗು ಊರಾಗುತ್ತವೆ ಅಂತ 48ನ್ನೂ ಮತ್ತೆ ನೋಡಬೇಕು. ಟೊಮೆಟೊ ಸೀಸನ್ ಮುಗಿಯಲಿ ಅಂತ ಕಾಯುತ್ತಿದ್ದೇನೆ.