ಎರಡೂ 10ಡಬ್ಲ್ಯೂ30 ಅಲ್ವಾ ಅಂತ ಹಾಕಿದ ಆಯಿಲ್

ಉಜಿರೆಯಲ್ಲಿ ಭಾವನ ಮನೆಯಲ್ಲಿ ಊಟ ಮುಗಿಸಿ ಮೂಡಿಗೆರೆಗೆ ವಾಪಸ್ ಬರುತ್ತಿದ್ದೆವು. ಹಿಂದೆ ಹೆಂಡತಿ, ನಮ್ಮಿಬ್ಬರ ನಡುವೆ ಒಂದು ಚೀಲ ಹಲಸಿನ ಹಪ್ಪಳ. ಚಾರ್ಮಾಡಿ ಘಾಟಿ ಹತ್ತಲು ಶುರು ಮಾಡಿ ಮೂರೋ ನಾಲ್ಕೋ ತಿರುವು ದಾಟಿರಬೇಕು, ಗಾಡಿ ಕೂಗುವುದು ಜಾಸ್ತಿ ಆಯಿತು, ಏರುವುದು ಕಡಿಮೆ ಆಯಿತು. ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಗುಂಯ್ ಅನ್ನುತ್ತದೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ.

"ರೀ, ಯಾಕಿದು ಹೀಗೆ ಅರಚ್ಕೊಳ್ತಿದೆ?" ಅಂದಳು. ಲೋಡ್ ಜಾಸ್ತಿ ಆಯ್ತು ಅಂತ ಕಾಣತ್ತೆ ಅಂದೆ. ಅದಕ್ಕೆ ಬಂದ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಗಾಡಿ 2010ರ ಸ್ಪ್ಲೆಂಡರ್. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಆಗ ಅರವತ್ತು ಸಾವಿರ ಕಿಲೋಮೀಟರ್ ದಾಟಿತ್ತು. ನೂರು ಸಿಸಿಯೂ ತುಂಬದ ಎಂಜಿನ್ ಇಬ್ಬರನ್ನು ಹೊತ್ತು ಘಾಟಿ ಹತ್ತುವುದೇ ದೊಡ್ಡದು, ಅದು ನಿಜ. ಆದರೆ ಈ ಗಾಡಿ ಅದೇ ಘಾಟಿಯನ್ನು ಎಷ್ಟೋ ಸಲ ಇದಕ್ಕಿಂತ ಜಾಸ್ತಿ ಭಾರ ಹೊತ್ತು ಹತ್ತಿದೆ. ಎರಡನೇ ಗೇರಿನಲ್ಲೇ ಎಳೆದುಕೊಂಡು ಹೇಗೋ ಕೊಟ್ಟಿಗೆಹಾರ ಮುಟ್ಟಿದೆವು. ನೀರ್ ದೋಸೆ ತಿನ್ನುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು.

ಕ್ಲಚ್ ಸ್ಲಿಪ್ ಆಗುತ್ತಿದೆ, ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಕ್ಲಚ್ ಪ್ಲೇಟುಗಳು ಹಿಡಿಯದೆ ಜಾರುತ್ತಿವೆ ಅನ್ನುವುದು ಗೊತ್ತಾಗಿತ್ತು. ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಬೇರೆ ಇನ್ನೇನು? ಕ್ಲಚ್ ಕೇಬಲ್ ಬಿಗಿಯಾಗಿದ್ದರೂ ಹೀಗೆ ಆಗುತ್ತದೆ, ಪ್ಲೇಟುಗಳು ಪೂರ್ತಿ ಕೂರುವುದಿಲ್ಲ. ಹಾಗಾಗಿ ಮನೆಗೆ ಬಂದು ಮೊದಲು ಅದನ್ನೇ ನೋಡಿದೆ. ಲಿವರ್ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಆಟ ಬಿಟ್ಟು ಸಡಿಲ ಮಾಡಿದೆ. ಏನೂ ಬದಲಾಗಲಿಲ್ಲ. ಮರುದಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ ಬಂದು ಇಳಿಯುವ ಮೊದಲೇ ಕೇಳಿದರು, "ಸಾರ್, ಯಾವ ಆಯಿಲ್ ಹಾಕಿದ್ರಿ? ಡಬ್ಬ ಇದ್ರೆ ತನ್ನಿ."

ನಾಲ್ಕು ದಿನದ ಹಿಂದೆ ಮನೆಯ ಅಂಗಳದಲ್ಲಿ ನಾನೇ ಆಯಿಲ್ ಬದಲಾಯಿಸಿದ್ದೆ. ಹೆಂಡತಿಯ ಆಕ್ಟಿವಾಗೆ ಅಂತ ಅಂಗಡಿಗೆ ಹೋದವನು, ಒಟ್ಟಿಗೇ ನನ್ನದಕ್ಕೂ ತರೋಣ ಅಂದುಕೊಂಡೆ. ನಾನು ಯಾವಾಗಲೂ ಹಾಕುವ ಬೈಕಿನ ಆಯಿಲ್ ಅವತ್ತು ಖಾಲಿಯಾಗಿತ್ತು. "ಇದೂ ಟೆನ್ ಥರ್ಟಿನೇ ಅಣ್ಣ, ಅದೂ ಟೆನ್ ಥರ್ಟಿನೇ, ತಗೊಂಡ್ ಹೋಗಿ" ಅಂದ ಅಂಗಡಿ ಹುಡುಗ. ಡಬ್ಬ ತಿರುಗಿಸಿ ನೋಡಿದೆ, ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಗ್ರೇಡ್ 10ಡಬ್ಲ್ಯೂ30 ಅಂತಲೇ ಇತ್ತು. ಸರಿ ಅಲ್ವಾ ಅಂತ ಮೂರು ಡಬ್ಬ ತಂದೆ. ಸ್ಕೂಟರ್ ಆಯಿಲ್ ಡಬ್ಬ 800 ಎಂಎಲ್‌ನದು, ಸ್ಪ್ಲೆಂಡರ್‌ಗೆ 900 ಬೇಕು. ಒಂದು ಡಬ್ಬ ಪೂರ್ತಿ ಸುರಿದು, ಇನ್ನೊಂದನ್ನು ಒಡೆದು ಮೇಲಿಂದ ನೂರು ಎಂಎಲ್ ಹಾಕಿದೆ. ಡಬ್ಬದ ಸೈಜೇ ಬೇರೆ ಯಾಕಿದೆ ಅಂತ ಆಗಲೇ ತಲೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೆಕ್ಯಾನಿಕ್ ಡಬ್ಬದ ಹಿಂದುಗಡೆ ಒಂದು ಪುಟ್ಟ ಚೌಕದ ಮೇಲೆ ಬೆರಳಿಟ್ಟರು. ಅದರಲ್ಲಿ ಎಂಬಿ ಅಂತ ಇತ್ತು. "ನಿಮ್ಗೆ ಬೇಕಾದ್ದು ಎಂಎ." ಹದಿನೈದು ವರ್ಷದಿಂದ ಬೈಕ್ ಓಡಿಸುತ್ತಿದ್ದೆ, ಏಳೆಂಟು ವರ್ಷದಿಂದ ಆಯಿಲ್ ನಾನೇ ಬದಲಾಯಿಸುತ್ತಿದ್ದೆ, ಆ ಚೌಕವನ್ನು ಒಂದು ದಿನವೂ ನೋಡಿರಲಿಲ್ಲ.

ಅದು ಜಾಸೋ ಗುರುತು. ಜಪಾನಿನ ವಾಹನ ಮಾನದಂಡ ಸಂಸ್ಥೆಯದು. ಫೋರ್ ಸ್ಟ್ರೋಕ್ ಬೈಕುಗಳ ಆಯಿಲ್‌ಗೆ ಅಂತಲೇ 1998ರಲ್ಲಿ ಟಿ903 ಅನ್ನುವ ಮಾನದಂಡ ಮಾಡಿದರು. ಯಾಕೆ ಬೇಕಾಯಿತು ಅಂದರೆ, ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್‌ಗೆ ಮಾತ್ರ. ಗೇರ್ ಬಾಕ್ಸ್‌ಗೆ ಬೇರೆ ಆಯಿಲ್, ಸಾಮಾನ್ಯವಾಗಿ ಕ್ಲಚ್ ಒಣಗಿಯೇ ಇರುತ್ತದೆ. ನಮ್ಮ ಬೈಕುಗಳಲ್ಲಿ ಹೆಚ್ಚಿನವಕ್ಕೆ ಹಾಗಲ್ಲ. ಪಿಸ್ಟನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಪಿಸ್ಟನ್ನಿಗೆ ಆದಷ್ಟು ಜಾರಿದರೆ ಒಳ್ಳೆಯದು. ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ನೆನೆದುಕೊಂಡೇ ಒಂದನ್ನೊಂದು ಗಟ್ಟಿಯಾಗಿ ಹಿಡಿಯಬೇಕು, ಅಲ್ಲಿ ಜಾರಬಾರದು. ಎರಡನ್ನೂ ತೂಗಿಸಿಕೊಂಡು ಹೋಗುವ ಆಯಿಲ್‌ಗೆ ಎಂಎ ಅಂತ ಗುರುತು. ಅದರಲ್ಲೇ ಹಿಡಿತ ಜಾಸ್ತಿ ಇರುವುದು ಎಂಎ2.

ಆಕ್ಟಿವಾದಂಥ ಸ್ಕೂಟರಿನಲ್ಲಿ ಬೆಲ್ಟ್ ಇದೆ, ಕ್ಲಚ್ ಒಣ ಜಾಗದಲ್ಲಿದೆ, ಹಿಂದಿನ ಚಕ್ರದ ಹತ್ತಿರದ ಗೇರಿಗೆ ಬೇರೆಯೇ ಸ್ವಲ್ಪ ಆಯಿಲ್ ಇದೆ. ಎಂಜಿನ್ ಆಯಿಲ್ ಕ್ಲಚ್ಚನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಅದಕ್ಕೆ ಚೆನ್ನಾಗಿ ಜಾರುವ ಆಯಿಲ್ ಕೊಡಬಹುದು, ಮೈಲೇಜಿಗೂ ಒಳ್ಳೆಯದು. ಅದೇ ಎಂಬಿ. ನಾನು ಅದನ್ನು ತಂದು ಕ್ಲಚ್ ಪ್ಲೇಟಿಗೆ ಸ್ನಾನ ಮಾಡಿಸಿದ್ದೆ.

ತಂದೆಯವರ ಕಾಲದಲ್ಲಿ ಈ ತಲೆನೋವು ಇರಲಿಲ್ಲ ನೋಡಿ. ಅವರದ್ದು ಮೈಸೂರಿನಲ್ಲಿ ತಯಾರಾದ ಯೆಜ್ಡಿ. ಟೂ ಸ್ಟ್ರೋಕ್, ಆಯಿಲ್ ಪೆಟ್ರೋಲ್ ಜೊತೆ ಬೆರೆಸುವುದು, ಅದು ಉರಿದು ಹೊಗೆಯಾಗಿ ಹೋಗುತ್ತಿತ್ತು. ಗೇರ್ ಬಾಕ್ಸಿನದು ಬೇರೆಯೇ ಆಯಿಲ್. ಬೀದಿಯ ಆ ತುದಿಗೆ ಬಂದರೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು ಅಪ್ಪ ಬಂದರು ಅಂತ.

ಸರಿ, ವಿಷಯಕ್ಕೆ ಬರುತ್ತೇನೆ. ಆ ಆಯಿಲ್ ಇಳಿಸಿ 10ಡಬ್ಲ್ಯೂ30 ಎಂಎ ಹಾಕಿದೆ. ನೂರೈವತ್ತು ಕಿಲೋಮೀಟರ್ ಓಡಿಸಿ ಅದನ್ನೂ ಇಳಿಸಿ ಇನ್ನೊಮ್ಮೆ ಹೊಸದು ಹಾಕಿದೆ. ಯಾಕೆಂದರೆ ಡ್ರೈನ್ ಬೋಲ್ಟ್ ತೆಗೆದರೂ ಪೂರ್ತಿ ಆಯಿಲ್ ಬರುವುದಿಲ್ಲ, ಎಂಜಿನ್ ಒಳಗೆ ಒಂದಷ್ಟು ಉಳಿದೇ ಇರುತ್ತದೆ. ಸಮ ರಸ್ತೆಯಲ್ಲಿ ಸ್ಲಿಪ್ ನಿಂತಿತು. ಏರಿನಲ್ಲಿ, ಹಿಂದೆ ಯಾರಾದರೂ ಕೂತರೆ, ನಾಲ್ಕನೇ ಗೇರಿನಲ್ಲಿ ಇನ್ನೂ ಸ್ವಲ್ಪ ಇತ್ತು. ಕೊನೆಗೆ ಕ್ಲಚ್ ಪ್ಲೇಟ್ ಹೊಸದು ಹಾಕಿಸಿದೆ. ಹಳೆಯ ಪ್ಲೇಟು ಕೈಯಲ್ಲಿ ಹಿಡಿದು ನೋಡಿದಾಗ ಅರವತ್ತು ಸಾವಿರ ಕಿಲೋಮೀಟರಿನ ಸವೆತ ಎದ್ದು ಕಾಣುತ್ತಿತ್ತು. ಎಲ್ಲ ತಪ್ಪು ಆ ಆಯಿಲ್‌ನದ್ದೇ ಅಂತ ಹೇಳಲಾರೆ. ಹೊಸ ಪ್ಲೇಟ್ ಇದ್ದಿದ್ದರೆ ಬಹುಶಃ ಎಂಬಿ ಹಾಕಿಯೂ ಒಂದಷ್ಟು ದಿನ ಗೊತ್ತೇ ಆಗುತ್ತಿರಲಿಲ್ಲ. "ನಾನೂ ಹಾಕಿದ್ದೆ, ಏನೂ ಆಗ್ಲಿಲ್ಲ" ಅನ್ನುವವರು ಸಿಗುವುದು ಅದಕ್ಕೇ ಇರಬೇಕು.

ಈಗ ಆಯಿಲ್ ತರುವಾಗ ನಾನು ಡಬ್ಬದ ಮುಂದುಗಡೆ ನೋಡುವುದೇ ಇಲ್ಲ. ಅಲ್ಲಿ ಬೆಂಕಿ, ರೇಸ್ ಗಾಡಿ, ಪವರ್ ಅಂತೆಲ್ಲ ಇರುತ್ತದೆ. ಹಿಂದೆ ತಿರುಗಿಸಿ ಮೂರು ವಿಷಯ ನೋಡುತ್ತೇನೆ. ಮೊದಲು ಜಾಸೋ ಎಂಎ ಅಥವಾ ಎಂಎ2 ಇದೆಯಾ ಅಂತ, ಇಲ್ಲದಿದ್ದರೆ ಉಳಿದದ್ದು ಓದುವುದೇ ಇಲ್ಲ. ಆಮೇಲೆ ಗ್ರೇಡ್. ಆಮೇಲೆ ಎಪಿಐ ಅಕ್ಷರ, ಅಂದರೆ ಆಯಿಲ್‌ನ ಗುಣಮಟ್ಟಕ್ಕೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ನನ್ನ ಗಾಡಿಗೆ ಎಸ್‌ಎಲ್ ಸಾಕು, ಎಸ್‌ಎನ್ ಇದ್ದರೆ ಅದು ಇನ್ನೂ ಈಚಿನದು, ಹಾಕಬಹುದು, ಆದರೆ ಅದರ ಜೊತೆ ಎಂಎ ಇರಲೇಬೇಕು. ಕಾರಿನ ಆಯಿಲ್ ಮೇಲೂ ಎಸ್‌ಎನ್ ಇರುತ್ತದೆ. ಅದರಲ್ಲೂ 5ಡಬ್ಲ್ಯೂ30ರಂಥ ತೆಳು ಆಯಿಲ್‌ಗಳಿಗೆ ಮೈಲೇಜ್ ಬರಲಿ ಅಂತ ಘರ್ಷಣೆ ಕಡಿಮೆ ಮಾಡುವ ವಸ್ತು ಬೆರೆಸಿರುತ್ತಾರೆ. ಮನೆಯಲ್ಲಿ ಕಾರಿನದು ಅರ್ಧ ಲೀಟರ್ ಉಳಿದಿದೆ, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಬೈಕಿಗೆ ಸುರಿದರೆ ನನ್ನದೇ ಕತೆ ಆಗಬಹುದು. ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುವ ಎಂಜಿನ್ ಟ್ರೀಟ್‌ಮೆಂಟ್ ಔಷಧಿಗಳನ್ನೂ ಇದೇ ಕಾರಣಕ್ಕೆ ದೂರ ಇಟ್ಟಿದ್ದೇನೆ.

ಗ್ರೇಡ್ ಬಗ್ಗೆ ನನ್ನದೇ ಇನ್ನೊಂದು ಪ್ರಯೋಗ ಇದೆ. 10ಡಬ್ಲ್ಯೂ30ರಲ್ಲಿ ಡಬ್ಲ್ಯೂ ಅಂದರೆ ವಿಂಟರ್, ಚಳಿ. ಮೊದಲ ಅಂಕಿ ಸಣ್ಣದಿದ್ದಷ್ಟೂ ತಣ್ಣಗಿರುವಾಗ ಬೇಗ ಹರಿಯುತ್ತದೆ. ಎರಡನೆಯದು ಎಂಜಿನ್ ಬಿಸಿಯಾದ ಮೇಲಿನ ದಪ್ಪ, ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಡೆ ಎಷ್ಟೋ ಗ್ಯಾರೇಜುಗಳಲ್ಲಿ ತುಂಬಾ ವರ್ಷ ಎಲ್ಲ ಬೈಕಿಗೂ 20ಡಬ್ಲ್ಯೂ40 ಒಂದೇ ಹಾಕುತ್ತಿದ್ದರು. "ಹಳೇ ಎಂಜಿನ್ ಅಲ್ವಾ, ದಪ್ಪ ಆಯಿಲ್ ಹಾಕಿ, ಸೌಂಡ್ ಕಮ್ಮಿಯಾಗುತ್ತೆ" ಅಂತ ಒಬ್ಬರು ಹೇಳಿದ್ದಕ್ಕೆ ಒಂದು ಸಲ 20ಡಬ್ಲ್ಯೂ50 ಹಾಕಿದ್ದೆ. ಸೌಂಡ್ ಕಡಿಮೆಯಾದದ್ದು ನಿಜ. ಆದರೆ ಡಿಸೆಂಬರ್ ಬೆಳಿಗ್ಗೆ ಆರು ಗಂಟೆಗೆ ಕಿಕ್ ಹೊಡೆದರೆ ಕಾಲಿಗೆ ಗೊತ್ತಾಗುತ್ತಿತ್ತು, ಎಂಜಿನ್ ಬಿಸಿಯಾಗುವ ತನಕ ಗಾಡಿ ಎಳೆಯುತ್ತಲೇ ಇರಲಿಲ್ಲ. ಲೀಟರಿಗೆ 60 ಕೊಡುತ್ತಿದ್ದದ್ದು 55ರ ಹತ್ತಿರ ಬಂತು. ಮುಂದಿನ ಸಲ ಸುಮ್ಮನೆ 10ಡಬ್ಲ್ಯೂ30ಕ್ಕೆ ವಾಪಸ್ ಬಂದೆ.

ಹಾಗಂತ 20ಡಬ್ಲ್ಯೂ50 ಕೆಟ್ಟದ್ದು ಅಂತಲ್ಲ. ಅಂಥ ದಪ್ಪ ಆಯಿಲ್ಲನ್ನೇ ಕೇಳುವ ಬೈಕುಗಳಿವೆ. ಭಾವನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು 15ಡಬ್ಲ್ಯೂ50 ಕೇಳುತ್ತದೆ, ಎರಡು ಲೀಟರಿಗೂ ಜಾಸ್ತಿ ಕುಡಿಯುತ್ತದೆ. ನನ್ನದು ಹೆಚ್ಚು ಮೈಲೇಜ್ ಕೊಡುತ್ತದೋ ಅವರದ್ದೋ ಅನ್ನುವ ಜಗಳ ನಮ್ಮಲ್ಲಿ ಇಲ್ಲ. ಗಾಡಿಯ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿ ಬರೆದಿರುತ್ತದೆ. ನನ್ನದು ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಕೆಳಗೆ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಬಿದ್ದಿತ್ತು.

ಸಿಂಥೆಟಿಕ್, ಅಂದರೆ ರಾಸಾಯನಿಕವಾಗಿ ತಯಾರಿಸಿದ ಆಯಿಲ್ ಬಗ್ಗೆ ಕೇಳಬಹುದು. ಒಮ್ಮೆ ಆಸೆಪಟ್ಟು ಹಾಕಿದ್ದೇನೆ. ಬೆಲೆ ಮಾಮೂಲಿ ಆಯಿಲ್‌ನ ಎರಡೂವರೆ ಪಟ್ಟು. ಗೇರ್ ನಯವಾಗಿ ಬೀಳುತ್ತಿತ್ತು, ಅದೂ ಜಾಸ್ತಿ ದಿನ. ಮಾಮೂಲಿ ಆಯಿಲ್‌ನಲ್ಲಿ ಎರಡೂವರೆ ಸಾವಿರ ಕಿಲೋಮೀಟರ್ ದಾಟುವಾಗ ಗೇರ್ ಕಟಕ್ ಅನ್ನಲು ಶುರುವಾಗುತ್ತದೆ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಅರೆದು ಅರೆದು ಆಯಿಲ್ ತನ್ನ ದಪ್ಪ ಕಳೆದುಕೊಳ್ಳುತ್ತದೆ. ಆದರೆ ನನ್ನ ಎಂಜಿನ್ ಈಗ ಸ್ವಲ್ಪ ಸ್ವಲ್ಪ ಆಯಿಲ್ ಸುಡುತ್ತದೆ. ಅಷ್ಟು ದುಡ್ಡಿನದನ್ನು ಸೈಲೆನ್ಸರಿನಿಂದ ಹೊಗೆಯಾಗಿ ಬಿಡುವುದಕ್ಕೆ ಮನಸ್ಸು ಬರುವುದಿಲ್ಲ. ದಿನಾ ನೂರು ಕಿಲೋಮೀಟರ್ ಹೈವೇಯಲ್ಲಿ ಓಡಿಸುವವರು, ಬಿಸಿಲಿನ ಊರಿನವರು, ಹೊಸ ಗಾಡಿಯವರು ಹಾಕಿಕೊಳ್ಳಲಿ. ನನಗೆ ಮಾಮೂಲಿಯದೇ ಸಾಕು, ಆದರೆ ಮೂರು ಸಾವಿರ ದಾಟಲು ಬಿಡುವುದಿಲ್ಲ.

ಬ್ರಾಂಡ್ ಯಾವುದು ಅಂತ ಕೇಳಿದರೆ ನಾನು ಸರ್ವೋನೂ ಹಾಕಿದ್ದೇನೆ, ಕ್ಯಾಸ್ಟ್ರಾಲೂ ಹಾಕಿದ್ದೇನೆ, ಗಾಡಿ ಕಂಪನಿಯದ್ದೂ ಹಾಕಿದ್ದೇನೆ. ಗ್ರೇಡು, ಎಂಎ ಎರಡೂ ಸರಿ ಇದ್ದಾಗ ನನ್ನ ಕಾಲಿಗೂ ಕಿವಿಗೂ ದೊಡ್ಡ ವ್ಯತ್ಯಾಸ ಗೊತ್ತಾಗಿಲ್ಲ. ಬ್ರಾಂಡಿಗಿಂತ ಲೆವೆಲ್ ಮುಖ್ಯ. ಹಳೆಯ ಬೈಕಿನಲ್ಲಿ ಯಾವ ಬ್ರಾಂಡ್ ಅಂತ ತಲೆ ಕೆಡಿಸಿಕೊಂಡು, ಅರ್ಧ ಲೀಟರಿನಲ್ಲಿ ಗಾಡಿ ಓಡಿಸುವವರನ್ನು ನೋಡಿದ್ದೇನೆ. ತಿಂಗಳಿಗೊಮ್ಮೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಒರೆಸಿ ನೋಡಿ. ಸ್ಪ್ಲೆಂಡರಿನಲ್ಲಿ ಅದನ್ನು ತಿರುಪಿ ಬಿಗಿ ಮಾಡಬಾರದು, ಸುಮ್ನೆ ಇಟ್ಟು ತೆಗೆಯಬೇಕು, ಇಲ್ಲದಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಡಿಮೆ ಇದ್ದು ನಿಮ್ಮ ಬ್ರಾಂಡ್ ಸಿಗದಿದ್ದರೆ ಅದೇ ಗ್ರೇಡಿನ ಯಾವುದೇ ಎಂಎ ಆಯಿಲ್ ಸೇರಿಸಬಹುದು, ಕಡಿಮೆ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಬಣ್ಣ ನೋಡಿ ಹೆದರಬೇಡಿ. ಕಪ್ಪಾಯಿತು ಅಂದರೆ ಕೊಳೆ ಎತ್ತಿಕೊಂಡಿದೆ ಅಂತ, ಅದು ಅದರ ಕೆಲಸ. ಹೆದರಬೇಕಾದ್ದು ಹಾಲು ಹಾಕಿದ ಕಾಫಿ ಬಣ್ಣಕ್ಕೆ. ಅದು ನೀರು ಸೇರಿದ ಗುರುತು. ನಮ್ಮ ಮಳೆಗಾಲದಲ್ಲಿ ಬರೀ ಒಂದೆರಡು ಕಿಲೋಮೀಟರ್ ಅಂಗಡಿಗೆ ಹೋಗಿ ಬರುತ್ತಿದ್ದರೆ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಒಳಗಿನ ತೇವ ಆರುವುದಿಲ್ಲ, ಮುಚ್ಚಳದ ಕೆಳಗೆ ಬೆಣ್ಣೆಯಂಥದ್ದು ಕೂರುತ್ತದೆ. ಸ್ವಲ್ಪವೇ ಇದ್ದರೆ ಒಂದು ದಿನ ಅರ್ಧ ಗಂಟೆ ಓಡಿಸಿ ನೋಡುತ್ತೇನೆ. ಪೂರ್ತಿ ಆಯಿಲ್ಲೇ ಹಾಗಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಬದಲಾಯಿಸುತ್ತೇನೆ.

ಇಳಿಸಿದ ಆಯಿಲ್ ಹಿಂದೆಲ್ಲ ಗೆದ್ದಲು ಬರದ ಹಾಗೆ ಬೇಲಿ ಗೂಟಕ್ಕೆ ಬಳಿಯುತ್ತಿದ್ದೆವು. ಈಗ ಕ್ಯಾನಿಗೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಹಾಕಿ ಬರುತ್ತೇನೆ. ಖಾಲಿ ಡಬ್ಬವನ್ನು ಗುಜರಿಗೆ ಕೊಡುವ ಮೊದಲು ಮೊಳೆಯಿಂದ ತೂತು ಮಾಡುತ್ತೇನೆ, ಯಾರೋ ಅದರಲ್ಲಿ ಕಳಪೆ ಆಯಿಲ್ ತುಂಬಿ ಮತ್ತೆ ನನಗೇ ಮಾರುವುದು ಬೇಡ.

ಉಳಿದ ಎಂಬಿ ಆಯಿಲ್ ದಂಡವಾಗಲಿಲ್ಲ, ಆಕ್ಟಿವಾಗೆ ಹೋಯಿತು. ಈಗ ಶೆಲ್ಫಿನಲ್ಲಿ ಎರಡು ಡಬ್ಬ ಇವೆ. ಒಂದರ ಮೇಲೆ ನಾನು ಮಾರ್ಕರ್‌ನಲ್ಲಿ ದಪ್ಪಗೆ 'ಬೈಕ್' ಅಂತ ಬರೆದಿದ್ದೇನೆ. ಇನ್ನೊಂದರ ಮೇಲೆ ಹೆಂಡತಿ ಬರೆದಿದ್ದಾಳೆ, 'ನನ್ನದು, ಮುಟ್ಟಬೇಡಿ' ಅಂತ.